ಅಳಿದ ಮೀನು, ಉಳಿದ ಹಲ್ಲು

ಕಲ್ಲು ಉಳಿಯುತ್ತದೆ, ಜೀವ ಅಳಿಯುತ್ತದೆ ಎಂಬುದು ಹೊರಗಣ್ಣಿನ ನಿರ್ಣಯ. ಶಿವಶರಣರ ನಿರ್ಣಯವಾದರೋ ಇದಕ್ಕೆ ತೀರ ವ್ಯತಿರಿಕ್ತವಾದುದು. ನಾಶವು ಸ್ಥಾವರದ ಪಾಲಿಗೆ ಬಂದುದೇ ಹೊರತು ಜಂಗಮದ ಪಾಲಿಗೆ ಬಂದುದಲ್ಲವೆಂಬ ಬಸವಣ್ಣನವರ ಅಭಿಪ್ರಾಯವನ್ನು ಅರಿಯದ ಭಕ್ತರಿಲ್ಲ. ಆದರೆ ಬಾಯಿಪಾಠವಾದ ತತ್ತ್ವವು ಬಾಳಿನ ತತ್ತ್ವವಾಗಬೇಕಾದರೆ, ಅದನ್ನು ಕಣ್ಣಿಗೆ ಕಾಣುವ ಲೋಕದ ಒರೆಗಲ್ಲಿಗೆ ತಿಕ್ಕಿ ನೋಡಬೇಕಾಗುತ್ತದೆ. ಹಾಗೆ ತಿಕ್ಕಿ ನೋಡಲು ಅಂಜುವವನ ನಂಬಿಗೆಯು ಗಟ್ಟಿಯಾದುದಲ್ಲ. ಅಂಥ ಒಂದು ಒರೆಗಲ್ಲನ್ನು ಇಲ್ಲಿ ವಿಚಾರಿಸಲಾಗಿದೆ. ಅದು ಒಂದು ಮೀನಿನ ಹಲ್ಲು.

ಮೊದಲು ಹತ್ತಿರದ ಕಲ್ಲನ್ನೇ ನೋಡೋಣ. ಮಧುಗಿರಿಯ ಬೆಟ್ಟವು ಒಂದೇ ಬಂಡೆಯೆಂಬಂತೆ ಎದ್ದು, ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ನಿಂತಿದೆ. ಅದರ ಮೇಲೆ ಕೋಟೆಯನ್ನು ಕಟ್ಟಿದವರು ಹೋದರು, ಅದನ್ನು ಮುತ್ತಿದವರೂ ಹೋದರು; ಬಂಡೆ ಮಾತ್ರ ನಿಂತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ನೆಲದಡಿಯ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಹಳೆಯದೆಂದು ಭೂಗರ್ಭಶಾಸ್ತ್ರಜ್ಞರು ಎಣಿಸಿದ್ದಾರೆ. ಭೂಮಿಯ ಒಡಲಿನ ತಾಪದಲ್ಲಿ ಬೆಂದು ಗಟ್ಟಿಯಾದ ಈ ಕಲ್ಲಿನಲ್ಲಿ ಯಾವ ಮೀನಿನ ಎಲುಬೂ ಸಿಗದು. ಅದು ಹುಟ್ಟಿದಾಗ ಎಲುಬುಳ್ಳ ಪ್ರಾಣಿಯೊಂದೂ ಲೋಕದಲ್ಲಿರಲಿಲ್ಲ.

ಈ ಬಂಡೆಗಳ ಬುಡದಲ್ಲಿಯೇ ಕೆರೆಗಳಿವೆ. ಕೊರಟಗೆರೆಯ ಹೆಸರಿನಲ್ಲಿಯೇ ಕೆರೆಯಿದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆದರೆ ಇದು ಮಳೆ ಕಡಿಮೆಯಾದ ನಾಡು. ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟ ವರ್ಷ, ಫಾಲ್ಗುಣ ಚೈತ್ರಗಳ ಹೊತ್ತಿಗೆ ಕೆರೆಯಂಗಳವು ಬಿರುಕುಬಿಟ್ಟು ಹಂಚಿನಂತಾಗುತ್ತದೆ. ನೀರು ಮೊಣಕಾಲುದ್ದಕ್ಕೆ ಇಳಿದಾಗ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿಬಿಡುತ್ತವೆ. ಕೊರವ ಮೀನಿನಂಥ ಕೆಲವು ಮಾತ್ರ ಮೇಲೆ ಬಂದು ಗಾಳಿಯನ್ನು ನುಂಗಿ, ಕೆಸರಿನಲ್ಲಿ ಹುದುಗಿ, ಕೆಲಕಾಲ ಜೀವವನ್ನು ಹಿಡಿದುಕೊಳ್ಳುತ್ತವೆ. ಏರಿಯ ಮೇಲೆ ನಿಂತು ಇದನ್ನು ನೋಡಿದ ಗೃಹಸ್ಥನು, ‘ಹುಟ್ಟಿದ್ದು ಸಾಯಲೇಬೇಕು; ಶಿವನ ಚಿತ್ತ’ ಎಂದು ಹೇಳಿ ಮನೆಗೆ ಹೋಗುತ್ತಾನೆ. ಈ ಮಾತು ಸತ್ಯವೆ? ಸತ್ಯವಾದರೂ ಸಾಕಾದ ಸತ್ಯವೆ? ಇದೇ ಇಲ್ಲಿನ ಪ್ರಶ್ನೆ.

ಇದನ್ನು ಇತ್ಯರ್ಥಗೊಳಿಸಲು, ಕೆಸರೇ ಕಲ್ಲಾಗಿ ತನ್ನೊಳಗಿನ ಜೀವಿಗಳ ಗುರುತನ್ನು ಉಳಿಸಿಕೊಂಡಿರುವ ಪ್ರದೇಶಕ್ಕೆ ಹೋಗಬೇಕು. ಅಂಥ ಪ್ರದೇಶವು ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿದೆ. ಅಲ್ಲಿನ ಮಲೇರಿ ಎಂಬ ಊರು ಈಗ ತೆಲಂಗಾಣಕ್ಕೆ ಸೇರಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳೊಡನೆ ಅದೂ ಹೈದರಾಬಾದಿಗೆ ಸೇರಿತ್ತು. ಮಲೇರಿಯ ಕೆಂಪು ಜೇಡಿಯು 22 ಕೋಟಿ ವರ್ಷಗಳಿಗೂ ಹಿಂದೆ ನದಿಗಳು ಹೊತ್ತುತಂದು ಹರಡಿದ ಮೆಕ್ಕಲು. ಮೊಸಳೆಯ ಆಕಾರದ ಪರಾಸುಕಸ್, ಕೊಕ್ಕಿನಂಥ ಮೂತಿಯ ಹೈಪರೊಡಪೆಡಾನ್ ಎಂಬ ಸರೀಸೃಪಗಳು ಆ ನದಿಗಳ ದಡದಲ್ಲಿ ಸಂಚರಿಸುತ್ತಿದ್ದವು. ಮನುಷ್ಯನಿರಲಿಲ್ಲ, ಹಸುವಿರಲಿಲ್ಲ, ಹೂಬಿಡುವ ಗಿಡವೂ ಇರಲಿಲ್ಲ. ಆ ಸಿಹಿನೀರಿನಲ್ಲಿ ಸೆರಟೋಡಸ್ ಎಂಬ ಕುಲದ ಮೀನುಗಳಿದ್ದವು.

ಗ್ರೀಕ್ ಭಾಷೆಯಲ್ಲಿ ‘ಕೆರಾಸ್’ ಎಂದರೆ ಕೊಂಬು, ‘ಒಡೂಸ್’ ಎಂದರೆ ಹಲ್ಲು. ಆದುದರಿಂದ ಸೆರಟೋಡಸ್ ಎಂಬುದನ್ನು ನಾವು ‘ಶೃಂಗದಂತ’ ಎಂದು ಕರೆಯಬಹುದು. ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಾಪ್ ಎಂಬ ಪಾದ್ರಿಯ ಪ್ರಯತ್ನದಿಂದ ಮಲೇರಿಯ ಹಲ್ಲುಗಳು ವಿದ್ವಾಂಸರ ಗಮನಕ್ಕೆ ಬಂದವು. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮೊದಲ ಮುಖ್ಯಾಧಿಕಾರಿಯಾದ ಥಾಮಸ್ ಓಲ್ಡ್‌ಹ್ಯಾಂ ಅವರು 1859ರಲ್ಲಿ ಅವನ್ನು ವರ್ಣಿಸಿ ಮೂರು ಪ್ರಭೇದಗಳಿಗೆ ಹೆಸರಿಟ್ಟರು. ಒಂದು ಹಿಸ್ಲಾಪನ ಹೆಸರು, ಇನ್ನೊಂದು ಹಂಟರನ ಹೆಸರು. ಮೂರನೆಯದು ‘ವಿರಪ’, ಎಂದರೆ ನಮ್ಮ ಕಿವಿಗೆ ಚಿರಪರಿಚಿತವಾದ ವೀರಪ್ಪ. 1878ರಲ್ಲಿ ಮಯಾಲ್ ಎಂಬ ವಿದ್ವಾಂಸರು ಇದೇ ಹಲ್ಲುಗಳನ್ನು ಕುರಿತು ಒಂದು ಪ್ರತ್ಯೇಕ ಪ್ರಬಂಧವನ್ನೇ ರಚಿಸಿದರು. ಆಮೇಲಿನವರು ಈ ವಿಂಗಡಣೆಯನ್ನು ಅಲ್ಲಲ್ಲಿ ತಿದ್ದಿದ್ದಾರೆ. ಶಾಸ್ತ್ರವು ತನ್ನನ್ನು ತಾನು ತಿದ್ದಿಕೊಳ್ಳುವುದು ಅದರ ದೋಷವಲ್ಲ, ಗುಣ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸಿಕ್ಕಿದುದೆಲ್ಲ ಹೆಚ್ಚಾಗಿ ಹಲ್ಲುಗಳೇ. ಈ ಮೀನಿನ ಅಸ್ಥಿಪಂಜರದ ಬಹುಭಾಗವು ಮೃದುವಾದ ಮೆಲ್ಲೆಲುಬಾದುದರಿಂದ ಅದು ಬೇಗ ಕರಗಿಹೋಗುತ್ತದೆ. ಬೀಸಣಿಗೆಯಂತೆ ಹರಡಿದ ಏಣುಗಳುಳ್ಳ ಹಲ್ಲಿನ ಫಲಕಗಳು ಮಾತ್ರ ಗಟ್ಟಿಯಾಗಿದ್ದು ಉಳಿದುಕೊಳ್ಳುತ್ತವೆ. ಅದು ಹೇಗೆ ಈಜಿತು, ಹೇಗೆ ಉಸಿರಾಡಿತು, ಎಲ್ಲಿ ಮೊಟ್ಟೆಯಿಟ್ಟಿತು, ಇದಾವುದನ್ನೂ ಕಲ್ಲು ಹೇಳುವುದಿಲ್ಲ. ಅದು ಅಗಿದು ತಿಂದಿತೆಂಬುದೊಂದನ್ನೇ ಹೇಳುತ್ತದೆ. ಮನುಷ್ಯರಲ್ಲಿಯೂ ಇಂಥವರಿಲ್ಲವೆ? ಅವರು ಗತಿಸಿದ ಬಳಿಕ ಉಂಡ ಲೆಕ್ಕ, ಕೊಂಡ ಲೆಕ್ಕ, ಅಳೆದು ಕಲ್ಲು ನೆಟ್ಟ ಎಲ್ಲೆ, ಇವಿಷ್ಟೇ ಉಳಿದಿರುತ್ತವೆ. ಯಾರಿಗೆ ಉಸಿರಾದರೆಂಬುದರ ಗುರುತಿರುವುದಿಲ್ಲ.

ಉಳಿದ ಗುರುತೊಂದನ್ನೇ ನಂಬಿ ನಿರ್ಣಯಿಸಿದವರು ಮೋಸಹೋಗುವುದೂ ಉಂಟು. ಸೆರಟೋಡಸ್ ಎಂಬ ಹೆಸರನ್ನು 1838ರ ಸುಮಾರಿಗೆ ಇಟ್ಟವರು ಲೂಯಿ ಅಗಾಸಿ. ಮೀನುಗಳ ಶಾಸ್ತ್ರದಲ್ಲಿ ಆ ಕಾಲಕ್ಕೆ ಅವರಿಗೆ ಸಮಾನರಿರಲಿಲ್ಲ. ಇಂಗ್ಲೆಂಡಿನ ಸೆವರ್ನ್ ನದಿಯ ದಂಡೆಯ ಕಡಿದಾದ ದಿಬ್ಬದಲ್ಲಿ ಸಿಕ್ಕಿದ ಹಲ್ಲುಗಳು ಅವರ ಮುಂದಿದ್ದವು. ಅಂಥ ಮಹಾಪಂಡಿತರೂ ಬರಿಯ ಹಲ್ಲನ್ನು ನೋಡಿ, ಇದು ಶಾರ್ಕಿನ ಬಳಗದ ಮೀನೆಂದು ಬಗೆದರು. ಮುಂದೆ 1870ರಲ್ಲಿ ಆಸ್ಟ್ರೇಲಿಯದ ವಿಲಿಯಂ ಫಾರ್ಸ್ಟರ್ ಎಂಬವರ ಮೂಲಕ ಕ್ವೀನ್ಸ್‌ಲ್ಯಾಂಡಿನ ನದಿಯ ಮೀನೊಂದು ಸಿಡ್ನಿಯ ವಸ್ತುಸಂಗ್ರಹಾಲಯದ ಗೆರಾರ್ಡ್ ಕ್ರೆಫ್ಟ್ ಅವರ ಕೈಸೇರಿತು. ಬಾಯಿ ತೆರೆದು ನೋಡಿದರೆ, ಕಲ್ಲಿನಲ್ಲಿ ಕಂಡಿದ್ದ ಅದೇ ಮಾದರಿಯ ಏಣುಹಲ್ಲು! ಸತ್ತುಹೋಯಿತೆಂದು ಎಣಿಸಿದ್ದ ವಂಶದ ಬಂಧುವೊಂದು ಬದುಕಿತ್ತು. ಅದು ಶಾರ್ಕಿನ ಬಳಗದ್ದಾಗಿರಲಿಲ್ಲ. ಕಿವಿರಿನೊಡನೆ ಶ್ವಾಸಕೋಶವನ್ನೂ ಪಡೆದು, ನೀರು ಕೆಟ್ಟಾಗ ಮೇಲೆ ಬಂದು ಗಾಳಿಯನ್ನು ಸೇವಿಸುವ ಮೀನಾಗಿತ್ತು.

ನೆಲದ ಮೇಲೆ ನಡೆಯುವ ಬೆನ್ನೆಲುಬಿನ ಪ್ರಾಣಿಗಳಿಗೆ, ಎಂದರೆ ಹಸುವಿಗೂ ಮನುಷ್ಯನಿಗೂ, ಇಂದು ಬದುಕಿರುವ ಮೀನುಗಳೊಳಗೆ ಅತಿ ಹತ್ತಿರದ ಸಂಬಂಧಿಗಳು ಈ ಶ್ವಾಸಕೋಶವುಳ್ಳ ಮೀನುಗಳೇ. ಇಂದು ಇವು ಆಸ್ಟ್ರೇಲಿಯ, ಆಫ್ರಿಕ, ದಕ್ಷಿಣ ಅಮೆರಿಕ ಈ ಮೂರು ಖಂಡಗಳಲ್ಲಿ ಮಾತ್ರ ಇವೆ. ಪೂರ್ವಕಾಲದಲ್ಲಿ ಈ ಖಂಡಗಳೂ ಭಾರತವೂ ಕೂಡಿ ಒಂದೇ ಭೂಭಾಗವಾಗಿದ್ದವು. ಗೊಂಡರ ನಾಡಿನ ಹೆಸರಿನಿಂದ ಅದನ್ನು ಗೊಂಡವಾನವೆಂದು ಶಾಸ್ತ್ರಜ್ಞರು ಕರೆದಿದ್ದಾರೆ. ಆಫ್ರಿಕದ ಮೀನು ಕೆರೆ ಬತ್ತಿದಾಗ ಕೆಸರಿನಲ್ಲಿ ಗೂಡುಮಾಡಿಕೊಂಡು ತಿಂಗಳುಗಟ್ಟಲೆ ನಿದ್ರಿಸಬಲ್ಲದು. ಆಸ್ಟ್ರೇಲಿಯದ್ದಕ್ಕೆ ಆ ಶಕ್ತಿಯಿಲ್ಲ; ಅದಕ್ಕೆ ನೀರು ಬೇಕೇ ಬೇಕು. ಅದು ದೀರ್ಘಾಯುಷಿ. ಷಿಕಾಗೋ ನಗರದ ಮತ್ಸ್ಯಾಲಯಕ್ಕೆ 1933ರಲ್ಲಿ ತಂದ ಒಂದು ಮೀನು 2017ರವರೆಗೆ ಬದುಕಿತ್ತು. ಭಾರತದ ನೀರಿನಲ್ಲಿ ಇಂದು ಈ ಬಳಗದ ಒಂದು ಮೀನೂ ಇಲ್ಲ. ಮಲೇರಿಯ ಕೆಂಪು ಮಣ್ಣಿನಲ್ಲಿ ಹಲ್ಲು ಮಾತ್ರ ಇದೆ.

ಈಗ ಪೂರ್ವಪಕ್ಷವನ್ನು ಕೇಳೋಣ. ‘ಈಜಿದ ಮೀನು ಜಂಗಮ, ಕಲ್ಲಾದ ಹಲ್ಲು ಸ್ಥಾವರ. ಜಂಗಮ ಅಳಿಯಿತು, ಸ್ಥಾವರ ಉಳಿಯಿತು. ಹೀಗಿರುವಾಗ ಶರಣರ ಮಾತು ಪ್ರತ್ಯಕ್ಷಕ್ಕೆ ವಿರುದ್ಧವಾಗಲಿಲ್ಲವೆ?’ ಎಂದು ಒಬ್ಬನು ಕೇಳಬಹುದು. ಇನ್ನೊಬ್ಬನು, ‘ಕೋಟ್ಯಂತರ ವರ್ಷಗಳ ಹಿಂದೆ ನೋಡುವವರೊಬ್ಬರೂ ಇಲ್ಲದಾಗ ಕುಲಕ್ಕೆ ಕುಲವೇ ಅಳಿಯಿತು. ಅಳಿಸಿದವನು ಮನುಷ್ಯನಲ್ಲ. ಅಳಿವು ಜಗತ್ತಿನ ಧರ್ಮವಾದ ಮೇಲೆ ಒಂದು ಕೆರೆ ಬತ್ತಿದರೆ, ಒಂದು ಮೀನು ಇಲ್ಲವಾದರೆ ನಮ್ಮ ಹೊಣೆಯೇನು?’ ಎನ್ನಬಹುದು. ಮೂರನೆಯವನು ಭಕ್ತನ ವೇಷದಲ್ಲಿಯೇ ಬಂದು, ‘ಜಂಗಮವು ಅವಿನಾಶಿಯೆಂದು ಹಿರಿಯರು ಹೇಳಿದ ಮೇಲೆ ಚಿಂತೆಯೇಕೆ? ಅದು ತನ್ನಷ್ಟಕ್ಕೆ ತಾನೇ ಉಳಿಯುತ್ತದೆ’ ಎನ್ನಬಹುದು. ಈ ಮೂವರಲ್ಲಿ ಮೂರನೆಯವನೇ ಹೆಚ್ಚು ಅಪಾಯಕಾರಿ; ಆತನು ತತ್ತ್ವವನ್ನು ಅಲ್ಲಗಳೆಯುವುದಿಲ್ಲ, ತಲೆದಿಂಬನ್ನಾಗಿ ಮಾಡಿಕೊಳ್ಳುತ್ತಾನೆ.

ಮೊದಲನೆಯವನಿಗೆ ಸಮಾಧಾನವಿದು. ಕಾಲುಳ್ಳದ್ದು, ರೆಕ್ಕೆಯುಳ್ಳದ್ದು, ಈಜುವಂಥದ್ದು, ಇಷ್ಟರಿಂದಲೇ ಯಾವುದೂ ಶರಣರ ಅರ್ಥದ ಜಂಗಮವಾಗುವುದಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಓಡಾಡುವ ಲೋಭಿಯು ಚಲಿಸುತ್ತಿದ್ದರೂ ಸ್ಥಾವರನೇ. ಯಾವುದು ತನ್ನಲ್ಲಿಯೇ ನಿಂತು ಗಟ್ಟಿಯಾಗುತ್ತದೆಯೋ ಅದು ಸ್ಥಾವರ. ಯಾವುದು ತನ್ನನ್ನು ಮುಂದಕ್ಕೆ ಸಾಗಿಸಿ ಇನ್ನೊಂದರಲ್ಲಿ ಬಾಳುತ್ತದೆಯೋ ಅದು ಜಂಗಮ. ಮೀನಿನ ಹಲ್ಲು ಮೀನಿನ ಸ್ಥಾವರಭಾಗ. ಅದು ಉಳಿಯಿತೆನ್ನುವುದಕ್ಕಿಂತ ಬದಲಾಗುವುದನ್ನು ನಿಲ್ಲಿಸಿತು ಎನ್ನುವುದು ಸರಿ. ಅದಕ್ಕೆ ಉಳಿದೆನೆಂಬ ಅರಿವಿಲ್ಲ. ಆ ಹಲ್ಲು ಕೂಡ ನಿತ್ಯವಲ್ಲ. ಮಳೆನೀರು ಮಲೇರಿಯ ಮಣ್ಣನ್ನು ತೊಳೆದಾಗ ಹೊರಬಿದ್ದು, ಬಿಸಿಲಿನಲ್ಲಿ ಬಿರಿದು ಪುಡಿಯಾಗುತ್ತದೆ. ಮಧುಗಿರಿಯ ಬಂಡೆಯೂ ಗಾಳಿ ಮಳೆಗಳಿಗೆ ಹೊಪ್ಪಳಿಕೆಯಾಗಿ ಎದ್ದು ಉದುರುತ್ತಲೇ ಇದೆ. ಆದರೆ ಮೇಲೆ ಬಂದು ಗಾಳಿಯನ್ನು ಸೇವಿಸುವ ಆ ಉಸಿರು ಇನ್ನೂ ಮೂರು ಖಂಡಗಳ ನೀರಿನಲ್ಲಿ ನಡೆಯುತ್ತಿದೆ. ಕಲ್ಲು ಗುರುತನ್ನು ಕಾಯಿತು, ಉಸಿರು ಬಾಳನ್ನು ಕಾಯಿತು. ಶರಣರ ಮಾತಿಗೆ ಪ್ರತ್ಯಕ್ಷವು ವಿರೋಧವಾಗಿಲ್ಲ.

ಎರಡನೆಯವನ ಮಾತು ಕೇಳಲು ಘನವಾಗಿದೆ, ತೂಗಿದರೆ ಹಗುರ. ಮನುಷ್ಯರೆಲ್ಲರೂ ಸಾಯತಕ್ಕವರೇ. ಹಾಗೆಂದು ಕೊಲೆ ಮಾಡಿದವನು, ‘ಹೇಗೂ ಸಾಯುವವನಿದ್ದ’ ಎಂದರೆ ಯಾವ ನ್ಯಾಯಸ್ಥಾನವೂ ಬಿಡುವುದಿಲ್ಲ. ಅವನ ಅಂತರಾತ್ಮವೂ ಬಿಡಲಾರದು. ಸಾವು ನಿಸರ್ಗದ ಧರ್ಮವೆಂಬುದು ಬೇರೆ, ಸಾಯಿಸುವುದು ಮನುಷ್ಯನ ಹಕ್ಕೆಂಬುದು ಬೇರೆ. ಸೆರಟೋಡಸ್ ಕುಲವು ಅಳಿದುದು ಕೋಟ್ಯಂತರ ವರ್ಷಗಳ ನಿಧಾನವಾದ ವ್ಯವಹಾರ. ಆ ಅವಧಿಯಲ್ಲಿ ಬೇರೆ ಕುಲಗಳು ಹುಟ್ಟಿ ಬೆಳೆಯಲು ಅವಕಾಶವಿತ್ತು. ಮನುಷ್ಯನು ಒಂದು ತಲೆಮಾರಿನಲ್ಲಿ ಮಾಡುವ ನಾಶಕ್ಕೆ ಅಂಥ ಅವಕಾಶವೂ ಇಲ್ಲ. ಕಾವೇರಿಯ ಕೊಳ್ಳದಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಬೆನ್ನುಗೂನಿನ ಮಹಸೀರ್ ಎಂಬ ಹೆಮ್ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯನ್ನು ಸೇರಿತು. ನದಿಗೆ ಅಡ್ಡಗಟ್ಟೆ, ಮರಳಿನ ಲೂಟಿ, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಸೀರಿನ ಪೈಪೋಟಿ, ಇವು ಅದರ ಕುಲಕ್ಕೆ ಕುತ್ತಾದ ಕಾರಣಗಳು. ಇವುಗಳಲ್ಲಿ ಯಾವುದೂ ಕಾಲಧರ್ಮವಲ್ಲ. ಎಲ್ಲವೂ ಮನುಷ್ಯನ ಕೈಕೆಲಸ. ಇದಕ್ಕೆ ‘ಶಿವನ ಚಿತ್ತ’ವೆಂದು ಹೆಸರಿಡುವುದು, ತನ್ನ ಋಣವನ್ನು ಶಿವನ ಲೆಕ್ಕಕ್ಕೆ ಬರೆದಂತೆ.

ಆಸ್ಟ್ರೇಲಿಯದಲ್ಲಿ ನಡೆದ ಸಂಗತಿಯೊಂದು ಇಲ್ಲಿ ಸ್ಮರಣೀಯವಾಗಿದೆ. ಶ್ವಾಸಕೋಶದ ಮೀನು ಮೊಟ್ಟೆಯಿಡುವುದು ಆಳವಿಲ್ಲದ ನೀರಿನ ಸಸ್ಯಗಳ ಮೇಲೆ. ಅಣೆಕಟ್ಟಿನಿಂದ ನೀರು ಆಳವಾದರೆ ಆ ಸಸ್ಯಗಳು ಮುಳುಗಿ ನಶಿಸುತ್ತವೆ. ಈ ಮೀನಿನ ನೆಲೆಯಾದ ಮೇರಿ ನದಿಗೆ ದೊಡ್ಡ ಅಣೆಕಟ್ಟೊಂದನ್ನು ಕಟ್ಟುವ ಯೋಜನೆಯನ್ನು ಅಲ್ಲಿಯ ಕೇಂದ್ರ ಸರಕಾರವು 2009ರಲ್ಲಿ ನಿರಾಕರಿಸಿತು. ಈ ಮೀನಿಗೂ ಆ ನದಿಯ ಇತರ ಜೀವಿಗಳಿಗೂ ಹಾನಿಯಾಗುವುದೆಂಬುದೇ ಕಾರಣವಾಗಿತ್ತು. ಆ ನದೀತೀರದ ಮೂಲನಿವಾಸಿಗಳು ಈ ಮೀನನ್ನು ಮೊದಲಿನಿಂದಲೂ ಪವಿತ್ರವೆಂದು ಭಾವಿಸಿದವರು. ಅವರಿಗೆ ‘ಗುಬ್ಬಿ ಗುಬ್ಬಿ’ ಎಂದು ಹೆಸರು. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಗೂ ಆ ಹೆಸರಿಗೂ ಸಂಬಂಧವಿಲ್ಲ, ಕೇವಲ ಧ್ವನಿಸಾಮ್ಯ. ಆದರೂ ದಯೆಯು ಯಾವುದೊಂದು ಊರಿನ, ಯಾವುದೊಂದು ಮತದ ಸ್ವತ್ತಲ್ಲವೆಂಬುದನ್ನು ನೆನಪಿಗೆ ತರಲು ಆ ಸಾಮ್ಯವೂ ಒಳ್ಳೆಯದೇ.

ಇನ್ನು ಮೂರನೆಯವನಿಗೆ ಉತ್ತರ ಹೇಳಬೇಕು. ಜಂಗಮವು ಅವಿನಾಶಿಯೆಂಬುದು ಸೋಮಾರಿಗೆ ಕೊಟ್ಟ ಅಭಯವಲ್ಲ, ಭಕ್ತನಿಗೆ ಹೊರಿಸಿದ ಹೊಣೆ. ಮನೆಗೆ ಬಂದ ಜಂಗಮಕ್ಕೆ ದಾಸೋಹ ಮಾಡಬೇಕೆಂದು ವಿಧಿಸಿದವರು, ‘ಜಂಗಮವು ತಾನಾಗಿ ಉಳಿಯುತ್ತದೆ, ನೀವು ಬಾಗಿಲು ಹಾಕಿಕೊಳ್ಳಿರಿ’ ಎಂದು ಹೇಳಲಿಲ್ಲ. ದೀಪದ ಕುಡಿಯಿಂದ ಕುಡಿಗೆ ಹತ್ತಿಸಿದರೆ ಜ್ಯೋತಿಗೆ ಕೊನೆಯಿಲ್ಲ. ಹತ್ತಿಸುವ ಕೈಯಿಲ್ಲದಿದ್ದರೆ ಮಾತ್ರ ಈ ಹಣತೆಯ ಎಣ್ಣೆಯೊಡನೆಯೇ ಅದು ಮುಗಿಯುತ್ತದೆ. ಭಾರತದ ಸಿಹಿನೀರಿನಲ್ಲಿ ಶ್ವಾಸಕೋಶದ ಮೀನಿನ ದೀಪವು ಆರಿದೆ. ಬೇರೆಡೆ ಉರಿಯುತ್ತಿದೆಯೆಂದು ಇಲ್ಲಿಯ ಕತ್ತಲೆ ಬೆಳಕಾಗುವುದಿಲ್ಲ. ಪ್ರತಿಯೊಂದು ನೆಲೆಯ ಜೀವವೂ ಆ ನೆಲೆಯವರ ಕೈಯಲ್ಲಿದೆ.

ಕೆರೆಯ ವಿಷಯದಲ್ಲಿ ಶರಣರ ಚರಿತ್ರೆಯಲ್ಲಿಯೇ ನಮಗೆ ದೃಷ್ಟಾಂತವಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿದ ಮಹಾನುಭಾವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಣ್ಣು ಹೊರುವ ಒಡ್ಡನೆಂದು ಅವರನ್ನು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಪ್ರಭುದೇವರು ಕೆರೆಯನ್ನು ಹಳಿದರೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಾದ ಗ್ರಹಿಕೆಯಲ್ಲ. ಕಟ್ಟಿದೆನೆಂಬ ಅಹಂಭಾವವು ಸ್ಥಾವರ. ಅದನ್ನು ಅವರು ಒಡೆದರು. ಬಾಯಾರಿದ ಪ್ರಾಣಿಯ ಗಂಟಲಿಗೆ ಇಳಿಯುವ ನೀರು ಜಂಗಮ. ಅದನ್ನು ಯಾವ ಪ್ರಭುವೂ ಹಳಿಯಲಾರನು. ಏರಿಯ ಕಲ್ಲು ಸ್ಥಾವರ, ಅದರ ಮೇಲೆ ಕೆತ್ತಿಸಿದ ಹೆಸರು ಸ್ಥಾವರ. ತೂಬಿನಿಂದ ಹರಿದು ಗದ್ದೆಗೆ ಹೋಗುವುದು, ದನಕರುಗಳಿಗೆ ಸಲ್ಲುವುದು, ಮೀನಿಗೆ ಮನೆಯಾಗುವುದು, ಇದು ಜಂಗಮ. ಒಂದೇ ಕೆರೆಯಲ್ಲಿ ಎರಡೂ ಇವೆ. ಭಕ್ತನು ಯಾವುದಕ್ಕಾಗಿ ದುಡಿಯುತ್ತಾನೆಂಬುದೇ ಮುಖ್ಯ.

ಈ ನಾಲ್ಕು ತಾಲ್ಲೂಕುಗಳ ಹಿರಿಯರು ಇದನ್ನು ಅರಿತಿದ್ದರು. ನೀರುಗಂಟಿಯು ತೂಬನ್ನು ಕಾಯುತ್ತಿದ್ದನು. ಬೇಸಗೆಯಲ್ಲಿ ಊರವರು ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಸಾಗಿಸುತ್ತಿದ್ದರು. ಕೆರೆಗೆ ಆಳ ಬರುತ್ತಿತ್ತು, ಹೊಲಕ್ಕೆ ಸಾರ ಬರುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ಮೇಲಿನ ಕಣ್ಣು ತಪ್ಪಿತು. ನೀರು ಬರುವ ಹಳ್ಳಗಳು ಒತ್ತುವರಿಯಾದವು, ಜಯಮಂಗಲಿಯ ಮರಳು ಲಾರಿಗಳನ್ನು ಏರಿತು, ಕೊಳವೆಗಳು ಆಳಕ್ಕೆ ಇಳಿದಷ್ಟೂ ನೀರು ಕೆಳಕ್ಕೆ ಹೋಯಿತು. ಪಾವಗಡದ ಕಡೆ ಅಂಥ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ, ಕುಡಿದವರ ಹಲ್ಲಿಗೂ ಮೂಳೆಗೂ ಕೇಡಾಯಿತು. ಕೆರೆಯು ಬತ್ತಿದಾಗ ಸಾಯುವುದು ಮೀನೊಂದೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ನಿರಾಶರಾಗಲು ಕಾರಣವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಅದಕ್ಕೆ ಜಯಮಂಗಲಿಯ ಹೆಸರನ್ನೇ ಇಡಲಾಯಿತು. ಜಿಂಕೆಗೆ ಕೊಟ್ಟ ಠಾವನ್ನು ಮೀನಿಗೂ ಕೊಡಲು ಬಾರದೆ?

ಏರಿಯ ಮೇಲೆ ನಿಂತಿದ್ದ ಗೃಹಸ್ಥನ ಮಾತಿಗೆ ಈಗ ಮರಳಬಹುದು. ಹುಟ್ಟಿದ್ದು ಸಾಯುವುದೆಂಬುದು ಸತ್ಯ. ಆದರೆ ಅದು ಅರ್ಧ ಸತ್ಯ. ಉಳಿದರ್ಧವೆಂದರೆ, ಸಾಯುವ ಮುನ್ನ ಒಂದು ಜೀವವು ತನ್ನ ಉಸಿರನ್ನು ಇನ್ನೊಂದಕ್ಕೆ ಕೊಟ್ಟುಹೋಗಲು ಅದಕ್ಕೊಂದು ಎಡೆ ಬೇಕು. ಆ ಎಡೆಯನ್ನು ಉಳಿಸುವುದು ಅರಿವುಳ್ಳವನ ಕಾಯಕ. ನೀರನ್ನು ಪಾದೋದಕವೆಂದು ಸ್ವೀಕರಿಸುವವನು, ಅದೇ ನೀರಿನಲ್ಲಿ ಬಾಳುವ ಜೀವವನ್ನು ಕಂಡೂ ಕಾಣದಂತೆ ಹೋಗಲಾಗದು. ವರ್ಷಕ್ಕೊಮ್ಮೆ ಹತ್ತು ಗಾಡಿ ಹೂಳನ್ನು ತೆಗೆದವನು, ತನ್ನ ಹೊಲದ ಅಂಚಿನ ಹಳ್ಳವನ್ನು ಒತ್ತದೆ ಬಿಟ್ಟವನು, ದೊಡ್ಡ ಮಾತನಾಡದಿದ್ದರೂ ಜಂಗಮದಾಸೋಹವನ್ನೇ ಮಾಡಿದಂತಾಯಿತು.

ಮಲೇರಿಯ ಮೀನು ತನ್ನ ಹಲ್ಲನ್ನು ಬಿಟ್ಟುಹೋಯಿತು. ಅದಕ್ಕೆ ಆಯ್ಕೆಯಿರಲಿಲ್ಲ. ಮನುಷ್ಯನಿಗೆ ಇದೆ. ತಾನು ತಿಂದ ಗುರುತನ್ನು ಬಿಟ್ಟುಹೋಗಬಹುದು. ಇಲ್ಲವೆ, ತನ್ನ ಬಳಿಕವೂ ನೀರು ನಿಲ್ಲುವ ಒಂದು ಕೆರೆಯನ್ನು ಬಿಟ್ಟುಹೋಗಬಹುದು. ಈ ಎರಡರೊಳಗೆ ಯಾವುದು ಲೇಸೆಂಬುದನ್ನು ಸದ್ಭಕ್ತರು ತಮ್ಮ ತಮ್ಮ ಊರಿನ ಏರಿಯ ಮೇಲೆ ನಿಂತು ವಿಚಾರಿಸಲಿ.